ಗಂಟಲು ಬೇನೆಯ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಮುಗಿದ ವಾರ ನನ್ನ ಚಿಕಿತ್ಸಾಲಯದ ಬೆಂಚುಗಳು ಸಾಲುವುದಿಲ್ಲ. ಜ್ವರದಿಂದ ಬಾಡಿದ ಮಕ್ಕಳು, ನಿದ್ದೆಗೆಟ್ಟ ತಾಯಂದಿರು. "ಟಾನ್ಸಿಲ್ ತೆಗೆದುಬಿಡಿ ಡಾಕ್ಟರೇ, ಸಾಕಾಗಿದೆ" ಎಂದು ಕೆಲವರು. ಆಪರೇಷನ್ ಎಂಬ ಮಾತು ಕಿವಿಗೆ ಬಿದ್ದೊಡನೆ ಮಗುವನ್ನು ಎತ್ತಿಕೊಂಡು ಹೊರಡುವವರು ಇನ್ನು ಕೆಲವರು. ಇಬ್ಬರನ್ನೂ ನಾನು ಮೊದಲು ಕೇಳುವುದು ಒಂದೇ: ಈ ವರ್ಷ ಎಷ್ಟು ಸಲ ಬೇನೆ ಬಂತು? "ಯಾವಾಗಲೂ ಇದ್ದೇ ಇರುತ್ತದೆ" ಎನ್ನುತ್ತಾರೆ. ಆ ಉತ್ತರದ ಮೇಲೆ ಮಗುವಿನ ಗಂಟಲಿಗೆ ಕತ್ತರಿ ಹಾಕಲು ನನಗೆ ಮನಸ್ಸಾಗುವುದಿಲ್ಲ.

ಎಣಿಸದೆ ಕತ್ತರಿಸಿದ ಕಾಲವೊಂದಿತ್ತು. ನ್ಯೂಯಾರ್ಕ್ ನಗರದ ಸಾವಿರ ಶಾಲಾ ಮಕ್ಕಳ ಸಮೀಕ್ಷೆಯೊಂದು 1934ರಲ್ಲಿ ಪ್ರಕಟವಾಯಿತು. ಅವರಲ್ಲಿ 611 ಮಕ್ಕಳ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದ 389 ಮಕ್ಕಳನ್ನು ನೋಡಿದ ವೈದ್ಯರು 174 ಮಕ್ಕಳಿಗೆ ತೆಗೆಯಬೇಕೆಂದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದರೆ ಅವರಲ್ಲೂ 99 ಮಕ್ಕಳಿಗೆ ಬೇಕೆಂಬ ಸಲಹೆ ಬಂತು! ಇದನ್ನು ಓದಿದಾಗಲೆಲ್ಲ ನನ್ನ ವೃತ್ತಿಯ ಬಗ್ಗೆಯೇ ಸಂಕಟವಾಗುತ್ತದೆ.

ಅಳತೆಗೋಲು ಸಿಕ್ಕಿದ್ದು 1984ರಲ್ಲಿ, ಅಮೆರಿಕದ ಮಕ್ಕಳ ವೈದ್ಯ ಜ್ಯಾಕ್ ಪ್ಯಾರಡೈಸ್ ಅವರ ಅಧ್ಯಯನದಿಂದ. ಆಪರೇಷನ್ ಯೋಚಿಸಲು ಬೇನೆ ಇಷ್ಟು ಸಲವಾದರೂ ಬಂದಿರಬೇಕು: ಒಂದು ವರ್ಷದಲ್ಲಿ 7 ಸಲ, ಇಲ್ಲವೇ ಸತತ ಎರಡು ವರ್ಷ ವರ್ಷಕ್ಕೆ ಐದೈದು ಸಲ, ಇಲ್ಲವೇ ಸತತ ಮೂರು ವರ್ಷ ವರ್ಷಕ್ಕೆ ಮೂರುಮೂರು ಸಲ. ಅದೂ ಬರೀ ಕೆರೆತವಲ್ಲ. ಜ್ವರ, ಟಾನ್ಸಿಲ್ ಮೇಲೆ ಕೀವು, ಕುತ್ತಿಗೆಯಲ್ಲಿ ಗಂಟು ಇಂಥ ಲಕ್ಷಣಗಳಿರುವ ಬೇನೆ. ಆದ್ದರಿಂದ ತಾಯಂದಿರೇ, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಅಲ್ಲಿಯೇ ಗಂಟಲು ಬೇನೆಯ ದಿನವನ್ನೂ ಗುರುತಿಸಿ, ಬರುವಾಗ ಆ ಕ್ಯಾಲೆಂಡರನ್ನೇ ತನ್ನಿ.

ಲೆಕ್ಕ ತುಂಬಿದ ಮೇಲೂ ಮುಂದೂಡುವುದು ಸರಿಯಲ್ಲ. ಇಂಗ್ಲೆಂಡಿನಲ್ಲಿ 1990ರ ದಶಕದ ನಂತರ ಈ ಆಪರೇಷನ್‌ಗಳು ಕಡಿಮೆಯಾದವು. ಅದೇ ಅವಧಿಯಲ್ಲಿ ಗಂಟಲಿನ ಸೋಂಕಿನಿಂದ ಆಸ್ಪತ್ರೆ ಸೇರುವವರು ಹೆಚ್ಚಿದರು. ಒಂದರಿಂದಲೇ ಇನ್ನೊಂದು ಆಯಿತೇ ಎಂಬ ಚರ್ಚೆ ಅಲ್ಲಿನ ವೈದ್ಯರಲ್ಲಿ ಮುಗಿದಿಲ್ಲ. ಆದರೂ ಅಂಥ ಸೋಂಕು ಹೇಗಿರುತ್ತದೆ ಎಂದು ನಿಮಗೆ ತಿಳಿದಿರಲಿ. ಟಾನ್ಸಿಲ್ ಪಕ್ಕದಲ್ಲಿ ಕೀವು ತುಂಬಿಕೊಂಡರೆ ನೋವು ಒಂದೇ ಬದಿಗೆ ಸರಿಯುತ್ತದೆ. ಬಾಯಿ ಎರಡು ಬೆರಳಿನಷ್ಟೂ ತೆರೆಯದು. ಉಗುಳು ನುಂಗಲಾಗದೆ ಜೊಲ್ಲು ಸುರಿಯುತ್ತದೆ, ಸುಡುವ ತುತ್ತನ್ನು ಬಾಯಲ್ಲಿಟ್ಟುಕೊಂಡವರಂತೆ ಮಾತು ತೊದಲುತ್ತದೆ. ಆಗ "ಕಿರುನಾಲಿಗೆ ಬಿದ್ದಿದೆ, ಎತ್ತಿಸೋಣ" ಎಂದು ಯಾರ ಕೈಯಿಂದಲೂ ಗಂಟಲೊಳಗೆ ಬೆರಳು ಹಾಕಿಸಬೇಡಿ, ದಯವಿಟ್ಟು. ಕೀವು ಒಡೆದು ಉಸಿರುನಾಳಕ್ಕೆ ಇಳಿದೀತು. ಆಸ್ಪತ್ರೆಯಲ್ಲಿ ಸೂಜಿಯಿಂದ ಕೀವು ತೆಗೆದು ಔಷಧಿ ಕೊಟ್ಟರೆ ಬಹುತೇಕರು ಬೇಗನೆ ನುಂಗತೊಡಗುತ್ತಾರೆ. ಗಂಟಲಲ್ಲಿ ಬೂದುಬಣ್ಣದ ಪೊರೆ ಕಂಡರಂತೂ ಒಂದು ಗಳಿಗೆಯೂ ತಡೆಯಬೇಡಿ. ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಇರಬಹುದು. ಅದನ್ನು ತಡೆಯುವ ಲಸಿಕೆ 10 ಮತ್ತು 16ನೆಯ ವಯಸ್ಸಿನಲ್ಲೂ ಇದೆ, ಉಚಿತವಾಗಿ.

ಆಪರೇಷನ್ ಆದ ಮಕ್ಕಳ ಮನೆಯವರಿಗೆ ಒಂದು ಮಾತು. ಗಂಟಲಲ್ಲಿ ಕಾಣುವ ಬಿಳಿ ಪದರ ಕೀವಲ್ಲ, ಗಾಯ ಮಾಯುವ ಗುರುತು. ಆದರೆ ಐದರಿಂದ ಹತ್ತನೆಯ ದಿನದೊಳಗೆ ಆ ಪದರ ಕಳಚುವಾಗ ಕೆಲವರಿಗೆ ರಕ್ತ ಬರುತ್ತದೆ. ಉಗುಳಿನಲ್ಲಿ ಕೆಂಪು ರಕ್ತ ಕಂಡರೆ, ನಡುರಾತ್ರಿಯಾದರೂ ಸರಿ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.

ನಮಸ್ಕಾರ.