ಹುಳು ಮನೆಯ ಬಿಗಿ ನಡುಮನೆಗಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಶಿಡ್ಲಘಟ್ಟದ ಕಡೆ ಹಳ್ಳಿಗಳಲ್ಲಿ ಆರೋಗ್ಯದ ಕೆಲಸಕ್ಕೆ ಓಡಾಡುವವಳು. ರೇಷ್ಮೆ ಹುಳು ಸಾಕುವವರ ಮನೆಗೆ ಹೋದರೆ ಮೊದಲ ಮಾತೇ, "ಅಕ್ಕಾ, ಕಾಲು ತೊಳ್ಕೊಂಡು ಬನ್ನಿ". ಹುಳು ಮನೆಯ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರ್. ಬೇರೆಯವರ ಹುಳು ಮುಟ್ಟಿ ಬಂದವರನ್ನು ಒಳಗೆ ಬಿಡುವುದೇ ಇಲ್ಲ. ನಾಲ್ಕು ಹುಳುವಿಗೆ ಹಾಲುತೊಂಡೆ ರೋಗ ಕಂಡರೆ ಇಡೀ ಬೆಳೆಗೇ ಕುತ್ತು ಅಂತ ಎಲ್ಲರಿಗೂ ಗೊತ್ತು. ನಮ್ಮ ಫ್ಲೂ ಜ್ವರದ ಹಾಗೆ ಹಾಲುತೊಂಡೆಯೂ ವೈರಸ್‌ನಿಂದ ಬರುವ ರೋಗವೇ.

ಅದೇ ಮನೆಯ ನಡುಮನೆಗೆ ಬನ್ನಿ. ಕೆಮ್ಮುವ ಮಗು ಅಜ್ಜಿಯ ಮಗ್ಗುಲಲ್ಲಿ ಮಲಗಿರುತ್ತದೆ. ಕಿಟಕಿ ಮುಚ್ಚಿರುತ್ತದೆ. ಕೇಳಿದರೆ, "ಚಳಿಗಾಳಿ ಬಡಿದಿದೆ ಅಷ್ಟೇ" ಅನ್ನುತ್ತಾರೆ.

ಫ್ಲೂ ಜ್ವರದ ಲೆಕ್ಕ ಹೇಳುತ್ತೇನೆ. ಸೋಮವಾರ ಶಾಲೆಯಲ್ಲಿ ಮಗುವಿಗೆ ತಗಲಿತು ಅನ್ನೋಣ. ಜ್ವರ ಕಾಣಿಸಿಕೊಳ್ಳಲು 1ರಿಂದ 4 ದಿನ, ಸಾಮಾನ್ಯವಾಗಿ 2 ದಿನ ಬೇಕು. ಬುಧವಾರ ಮೈ ಬಿಸಿಯಾಯಿತು. ಆದರೆ ಮಂಗಳವಾರವೇ ಅದು ವೈರಸ್ ಹಂಚಲು ಶುರು ಮಾಡಿರಬಹುದು. ಮಗು ಆಗ ಚೆನ್ನಾಗಿಯೇ ಆಡಿಕೊಂಡು, ಅಜ್ಜಿಯ ತಟ್ಟೆಯಲ್ಲೇ ಮುದ್ದೆ ಮುರಿದು ತಿನ್ನುತ್ತಾ ಇರುತ್ತದೆ. ಯಾರಿಗೆ ಅನುಮಾನ ಬರಬೇಕು? ಶುಕ್ರವಾರ ತಾಯಿ ಮಲಗುತ್ತಾಳೆ, ಭಾನುವಾರ ಅಜ್ಜಿ. ಎಲ್ಲರೂ ಒಟ್ಟಿಗೆ ಬೀಳುವುದಿಲ್ಲ ನೋಡಿ, ಅದಕ್ಕೇ ತಪ್ಪನ್ನು ಹವೆಯ ಮೇಲೆ ಹಾಕುತ್ತೇವೆ. ಅಷ್ಟರಲ್ಲಿ ಅಪ್ಪ ಮೂಗು ಒರೆಸಿಕೊಳ್ಳುತ್ತಲೇ ಗಾಜು ಎಳೆದ ಬಸ್ಸಿನಲ್ಲಿ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗಿ ಬಂದಿರುತ್ತಾನೆ. ಅಲ್ಲಿಗೆ ಎಷ್ಟು ಊರಿನವರು ಬರುತ್ತಾರೆ, ನೀವೇ ಎಣಿಸಿ.

ಹುಳುವಿಗೂ ನಮಗೂ ಒಂದು ವ್ಯತ್ಯಾಸ ಇದೆ. ಹುಳುವಿಗೆ ಹಾಲುತೊಂಡೆ ಹೆಚ್ಚಾಗಿ ಸೊಪ್ಪಿನ ಜೊತೆ ಬಾಯಿಗೆ ಹೋಗುತ್ತದೆ. ನಮಗೆ ಬರುವುದು ಹೆಚ್ಚಾಗಿ ಉಸಿರಿನಿಂದ. ಕೆಮ್ಮಿದಾಗ ದಪ್ಪ ಹನಿಗಳು ಹತ್ತಿರದಲ್ಲೇ ಬಿದ್ದುಹೋಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು ಬೀಡಿ ಹೊಗೆಯ ಹಾಗೆ ಕೋಣೆಯಲ್ಲೇ ತೇಲುತ್ತಿರುತ್ತವೆ. ಕೆಮ್ಮಲೇಬೇಕು ಅಂತಿಲ್ಲ, ಮಾತಾಡಿದರೂ ಬರುತ್ತವೆ, ಹಾಡಿದರೆ ಇನ್ನೂ ಜಾಸ್ತಿ. ಕೊರೋನಾ ಶುರುವಾದ 2020ರ ಮಾರ್ಚ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ಎಂಬಲ್ಲಿ 61 ಜನ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಅವರಲ್ಲಿ ಒಬ್ಬರಿಗೆ ಮೊದಲೇ ನೆಗಡಿಯ ಲಕ್ಷಣ ಇತ್ತು. ಆಮೇಲೆ ಕಾಯಿಲೆ ಬಿದ್ದವರು ಅವರೂ ಸೇರಿ 53 ಜನ, ತೀರಿಕೊಂಡವರು ಇಬ್ಬರು. ನಮ್ಮ ಧನುರ್ಮಾಸದ ಭಜನೆ ನೆನಪಾಯಿತು ನನಗೆ. ಭಜನೆ ಬಿಡಿ ಅಂತಲ್ಲ. ನೆಗಡಿ ಇದ್ದವರು ಆ ವಾರ ಮನೆಯಲ್ಲೇ ಹಾಡಿಕೊಳ್ಳಲಿ.

ಕೈ ತೊಳೆಯುವುದೂ ಬೇಕು. ಫ್ಲೂ, ಕೊರೋನಾ ವೈರಸ್‌ಗಳಿಗೆ ಕೊಬ್ಬಿನ ಹೊದಿಕೆ ಇರುತ್ತದೆ, ಸೋಪು ಅದನ್ನು ಒಡೆದು ಹಾಕುತ್ತದೆ. ಆಂಟಿಬಯೋಟಿಕ್ ಮಾತ್ರೆ ವೈರಸ್‌ಗೆ ನಾಟುವುದಿಲ್ಲ, ಅಂಗಡಿಯಲ್ಲಿ ಸುಮ್ನೆ ಕೇಳಿ ತರಬೇಡಿ. ಅಜ್ಜಿಗೆ ಏದುಸಿರು ಬಂದರೆ, ಮಗು ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ತಡ ಮಾಡದೆ ಆಸ್ಪತ್ರೆಗೆ ಹೋಗಿ.

"ಬೇರೆ ಕೋಣೆ ಎಲ್ಲಿಂದ ತರೋದು?" ಅಂತ ಒಬ್ಬ ಅಕ್ಕ ನನ್ನನ್ನು ತರಾಟೆಗೆ ತೆಗೆದುಕೊಂಡರು. ಅವರು ಕೇಳಿದ್ದು ಸರಿಯೇ. ಇದ್ದ ಎರಡರಲ್ಲಿ ಒಳ್ಳೆಯದನ್ನು ಹುಳುವಿಗೆ ಕೊಟ್ಟಿದ್ದರು. ಹಾಗಾದರೆ ಮಗು ಕಿಟಕಿಯ ಕಡೆ ಮಲಗಲಿ, ಅಜ್ಜಿ ಆ ಕೊನೆಗೆ ಹೋಗಲಿ, ಮಗುವನ್ನು ನೋಡಿಕೊಳ್ಳುವವರು ಒಬ್ಬರೇ ಇರಲಿ, ಮಾಸ್ಕ್ ಹಾಕಿಕೊಳ್ಳಲಿ ಅಂದೆ.

"ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಬೇಡ್ವಾ?" ಅಂತ ನಕ್ಕರು.

"ಬೇಡ, ಕಿಟಕಿ ತೆಗೀರಿ ಸಾಕು."

ಕಿಟಕಿ ಹುಡುಕಿದರೆ ಎಲ್ಲಿದೆ? ಅದಕ್ಕೆ ಅಡ್ಡವಾಗಿ ಹುಳು ಗೂಡು ಕಟ್ಟಲು ಬಿಡುವ ಹಳೆಯ ಚಂದ್ರಿಕೆಗಳನ್ನು ಒರಗಿಸಿಟ್ಟಿದ್ದರು. ಇಬ್ಬರೂ ಸೇರಿ ಒಂದೊಂದಾಗಿ ಎತ್ತಿ ಜಗಲಿಗೆ ಸಾಗಿಸಿದೆವು. ಕಿಟಕಿಯ ಬಾಗಿಲು ಉಬ್ಬಿಕೊಂಡಿತ್ತು. ಎರಡು ಸಲ ಗುದ್ದಿದ ಮೇಲೆ ತೆರೆಯಿತು.