ದಿನಾ ಒಂದು ಗಿಡ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಜೂನ್ 5ರ ವಿಶ್ವ ಪರಿಸರ ದಿನ ಬಂತೆಂದರೆ ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಸಸಿ ನೆಡುವ ಸಡಗರ. ಒಳ್ಳೆಯದೇ. ಆದರೆ ನೆಟ್ಟ ಸಸಿ ಶ್ರಾವಣದ ಹೊತ್ತಿಗೆ ಹೇಗಿದೆ ಅಂತ ಹೋಗಿ ನೋಡುವವರು ಕಡಿಮೆ. ಪರಿಸರ ಉಳಿಸುವ ಕೆಲಸ ಶುರುವಾಗುವುದೇ ಈ ನೋಡುವುದರಿಂದ ಅಂತ ನನಗೆ ಅನಿಸುತ್ತದೆ.

ದಸರೆಯಲ್ಲಿ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅಂತೀವಿ, ಅಲ್ವಾ? ಸರಿ, ನಿಮ್ಮ ಓಣಿಗೆ ಹತ್ತಿರದ ಬನ್ನಿ ಗಿಡ ಎಲ್ಲಿದೆ? ಥಟ್ಟನೆ ಹೇಳುವವರು ಎಷ್ಟು ಮಂದಿ? ಪೇಟೆಯಿಂದ ಒಂದು ಕಟ್ಟು ತಂದರೆ ಹಬ್ಬ ಮುಗಿಯಿತು. ವರ್ಷಕ್ಕೊಮ್ಮೆ ಕೈ ಮುಗಿದು, ಉಳಿದ ದಿನ ಕಣ್ಣೆತ್ತಿಯೂ ನೋಡದ ಗಿಡವನ್ನು ಯಾರೋ ಕಡಿದು ಹಾಕಿದರೆ ನಮಗೆ ಗೊತ್ತೂ ಆಗುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ದಿನಾ ಹಾಯುವ ದಾರಿಯಲ್ಲಿ ಒಂದು ಗಿಡ ಆರಿಸಿಕೊಳ್ಳಿ. ಬೇವೇ ಇರಲಿ. ಯುಗಾದಿಯ ಸುಮಾರಿಗೆ ಅದರ ಚಿಗುರು ಎಳೆ ತಾಮ್ರದ ಬಣ್ಣಕ್ಕಿರುತ್ತದೆ. ಆಮೇಲೆ ಹೂವು. ಎಷ್ಟು ಸಣ್ಣವು ಅಂದರೆ, ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೆ ಬಿದ್ದಾಗಲೇ ಜನರ ಕಣ್ಣಿಗೆ ಬೀಳುತ್ತವೆ. ಸಂಜೆ ಗಾಳಿಗೆ ಸಿಹಿ ವಾಸನೆ. ಮುಂಗಾರು ಬರುವ ಹೊತ್ತಿಗೆ ಹಣ್ಣು ಹಳದಿಯಾಗುತ್ತವೆ. ಹಕ್ಕಿಗಳು ತಿರುಳು ತಿಂದು ಬೀಜ ಉಗುಳುತ್ತವೆ. ಅದೇ ಬೀಜ ಆರಿಸಿ ತಂದು, ಕುಟ್ಟಿ ನೆನೆಸಿ, ಕೀಟದ ಕಾಟಕ್ಕೆ ಬೆಳೆಗೆ ಹೊಡೆಯುವ ರೈತರಿದ್ದಾರೆ. ಇದನ್ನೆಲ್ಲ ನೋಡುವುದಕ್ಕೆ ಖರ್ಚಿಲ್ಲ. ಚಿಗರಿ ಬಸ್ಸಿಗೆ ಕಾಯುವ ಐದು ನಿಮಿಷ ಸಾಕು. ಮೊಬೈಲು ಅಷ್ಟು ಹೊತ್ತು ಜೇಬಿನಲ್ಲಿರಲಿ.

ನೋಡಿ ಏನಾಗುತ್ತದೆ ಅಂತ ಕೇಳಬಹುದು. ಹಾನಗಲ್ ತಾಲೂಕಿನ ಕುಸನೂರನ್ನು ನೆನೆಯಿರಿ. ಊರವರು ದನ ಮೇಯಿಸುತ್ತಿದ್ದ, ಉರುವಲು ತರುತ್ತಿದ್ದ ಜಮೀನಿನಲ್ಲಿ ಕಾಗದದ ತಿರುಳಿಗೆಂದು ನೀಲಗಿರಿ ಬೆಳೆಸಲಾಗಿತ್ತು. ನೀಲಗಿರಿಗೆ ದನ ಬಾಯಿ ಹಾಕುವುದಿಲ್ಲ. 1987ರ ನವೆಂಬರ್ 14ರಂದು ಅಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನ ನೀಲಗಿರಿ ಕಿತ್ತರು, ತಮಗೆ ಬೇಕಾದ ಗಿಡ ಹಚ್ಚಿದರು. ಯಾವ ಗಿಡದಿಂದ ಏನು ಸಿಗುತ್ತದೆ ಅಂತ ಅವರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ದಿನಾ ಆ ನೆಲದ ಮೇಲೆ ಓಡಾಡಿದವರು ಅವರು.

ಗದಗ ಜಿಲ್ಲೆಯ ಮಾಗಡಿ ಕೆರೆಗೂ ಒಮ್ಮೆ ಹೋಗಿ ಬನ್ನಿ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಹಗಲು ನೀರಿನಲ್ಲಿ, ಕತ್ತಲಾದರೆ ಹೊಲಗಳಲ್ಲಿ ಮೇಯುತ್ತವೆ. ಬೆಳೆಗೂ ಬಾಯಿ ಹಾಕುವ ಹಕ್ಕಿಗಳನ್ನು ಸಹಿಸಿಕೊಳ್ಳುವುದು ಸಣ್ಣ ಮಾತಲ್ಲ. ಅಲ್ಲಿನ ರೈತರ ಬಗ್ಗೆ ನನಗೆ ತುಂಬ ಗೌರವ. 2024ರಲ್ಲಿ ಈ ಕೆರೆ, ಜಗತ್ತಿನ ಮಹತ್ವದ ಕೆರೆ-ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಮತ್ತೆ ನಿಮ್ಮ ಓಣಿಯ ಬೇವಿಗೆ ಬರೋಣ. ದಿನಾ ನೋಡುವವರಿಗೆ ಕಾಂಡಕ್ಕೆ ಹೊಡೆದ ಮೊಳೆ ಕಾಣುತ್ತದೆ. ಬುಡಕ್ಕೆ ಕಸ ಹಾಕಿ ಬೆಂಕಿ ಹಚ್ಚಿದ್ದು ಕಾಣುತ್ತದೆ. ಬೇರಿಗೆ ನೀರು ಇಳಿಯದಂತೆ ಸುತ್ತಲೂ ಸಿಮೆಂಟು ಬಳಿದಿದ್ದು ಕಾಣುತ್ತದೆ. ಕಂಡ ಮೇಲೆ ಸುಮ್ನೆ ಇರೋಕೆ ಆಗಲ್ಲ. ಕೆಲವು ಜಾತಿ ಬಿಟ್ಟರೆ ಊರೊಳಗಿನ ಗಿಡ ಕಡಿಯುವುದಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ನಿಮ್ಮ ಗಿಡಕ್ಕೆ ಕೊಡಲಿ ಬಂದ ದಿನ ಅನುಮತಿ ಪತ್ರ ತೋರಿಸಿ ಅಂತ ಕೇಳಿ. ಇಲ್ಲ ಅಂದರೆ ಅಲ್ಲಿಂದಲೇ ಅರಣ್ಯ ಇಲಾಖೆಗೆ ಫೋನ್ ಮಾಡಿ. ಪಕ್ಕದ ಮನೆಯವರನ್ನೂ ಕರೆಯಿರಿ.

ನಮಸ್ಕಾರ.