ಅರ್ಧ ಪೀಪಾಯಿಯಲ್ಲಿ ಗುಲಾಬಿ

ಕೇಳುಗರಿಗೆಲ್ಲ ನಮಸ್ಕಾರ.

ತಾರಸಿಯಲ್ಲೋ ಗೇಟಿನ ಪಕ್ಕದ ಚೂರು ಜಾಗದಲ್ಲೋ ನಾಲ್ಕು ಗಿಡ ಇಟ್ಟುಕೊಂಡವರಿಗಾಗಿ ಈ ಮಾತು. ನರ್ಸರಿಯಿಂದ ಹೂ ಬಿಟ್ಟ ಗುಲಾಬಿ ತರುತ್ತೀರಿ. ಎರಡು ತಿಂಗಳು ನಗುತ್ತಾ ಇರುತ್ತದೆ. ಆಮೇಲೆ ಎಲೆ ಹಳದಿ, ಕಡ್ಡಿ ಕಪ್ಪು. "ನನ್ನ ಕೈಗುಣವೇ ಸರಿಯಿಲ್ಲ" ಅಂತ ಎಷ್ಟು ಜನ ನನ್ನ ಹತ್ತಿರ ಬೇಜಾರು ಮಾಡಿಕೊಂಡಿದ್ದಾರೋ! ಕೈಗುಣ ಅಲ್ಲ ತಾಯಿ, ಕುಂಡದ ತಳ. ತಳದಲ್ಲಿ ತೂತು ಇದೆಯಾ? ಇವತ್ತು ನಾನು ಹೇಳಲು ಬಂದಿರುವುದು ಅದೊಂದನ್ನೇ.

ಒಂದು ಪ್ರಸಂಗ ಹೇಳುತ್ತೇನೆ. ನನ್ನ ಮಗಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದಾಳೆ. ಒಂದು ಚಳಿಗಾಲ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಅವಳ ಹಿತ್ತಲಲ್ಲಿ ಒಂದು ಅರ್ಧ ಪೀಪಾಯಿ ಇತ್ತು. ಓಕ್ ಮರದ್ದು, ವೈನ್ ತುಂಬಿಡುತ್ತಿದ್ದ ಪೀಪಾಯಿ. ಆ ಕಡೆ ನಾಪಾ ಕಣಿವೆಯ ತುಂಬಾ ದ್ರಾಕ್ಷಿ ತೋಟಗಳು. ಒಂದು ಪೀಪಾಯಿಗೆ ಸುಮಾರು 225 ಲೀಟರ್ ಹಿಡಿಯುತ್ತದೆ. ಕೆಲವು ವರ್ಷ ಬಳಸಿದ ಮೇಲೆ ಮರದ ಘಮ ವೈನಿಗೆ ಇಳಿಯುವುದಿಲ್ಲ. ಆಗ ಅದನ್ನು ನಡುವಿಗೆ ಕೊಯ್ದು, ಗಿಡ ನೆಡುವವರಿಗೆ ಮಾರುತ್ತಾರೆ. ಬಾಯಿ ಎರಡಡಿ ಅಗಲ, ಒಂದೂವರೆ ಅಡಿ ಆಳ. ಗುಲಾಬಿಗೆ ಇದಕ್ಕಿಂತ ಒಳ್ಳೆ ಮನೆ ಬೇಕಾ?

ಮಗಳು ಅದರಲ್ಲಿ ಕೆಂಪು ಗುಲಾಬಿ ನೆಟ್ಟಿದ್ದಳು. ನಾವು ಹೋದಾಗ ಗಿಡದ ಮುಖ ನೋಡಲಾಗುತ್ತಿರಲಿಲ್ಲ. ಎಲೆ ಉದುರಿ, ತುದಿ ಜೋತು ಬಿದ್ದಿತ್ತು. ಬಾಡಿದೆ ಅಂತ ಅಳಿಯ ದಿನಾ ಸಂಜೆ ನೀರು ಹಾಕುತ್ತಿದ್ದರು. ಅಲ್ಲಿ ಮಳೆ ಬರುವುದೂ ಚಳಿಗಾಲದಲ್ಲೇ. ಮೇಲಿಂದ ಮಳೆ, ಜೊತೆಗೆ ಅಳಿಯಂದಿರ ಪೈಪು.

ನಾನು ಮಣ್ಣಿಗೆ ಕೈ ಹಾಕಿದೆ. ಗೇಣುದ್ದ ಇಳಿಯುವಷ್ಟರಲ್ಲಿ ಕೊಳೆತ ಮೊಟ್ಟೆ ವಾಸನೆ. "ತಳಕ್ಕೆ ತೂತು ಕೊರೆಸಿದ್ದೀಯೇನಮ್ಮಾ?" ಅಂದೆ. "ಇಲ್ಲ ಅಪ್ಪ, ತಂದಾಗ ಹಲಗೆ ಸಂದಿಯಲ್ಲಿ ಬೆಳಕೇ ಕಾಣುತ್ತಿತ್ತು. ನೀರು ತಾನಾಗೇ ಹೋಗುತ್ತೆ ಅಂದುಕೊಂಡೆ" ಅಂದಳು.

ಅವಳು ಕಂಡಿದ್ದು ನಿಜ. ಒಣಗಿದ ಪೀಪಾಯಿಯ ಹಲಗೆ ಕುಗ್ಗಿ ಸಂದಿ ಬಿಡುತ್ತದೆ. ಆದರೆ ಒದ್ದೆ ಮಣ್ಣು ತುಂಬಿದ ಮೇಲೆ ಅದೇ ಹಲಗೆ ಉಬ್ಬಿ, ಒಂದಕ್ಕೊಂದು ಒತ್ತಿ, ಸಂದಿ ಮುಚ್ಚಿಕೊಳ್ಳುತ್ತದೆ. ಅಂಟಿಲ್ಲ, ಮೊಳೆಯಿಲ್ಲ, ಸುತ್ತಲೂ ಕಬ್ಬಿಣದ ಪಟ್ಟಿ ಅಷ್ಟೇ. ಒಂದು ಹನಿ ಸೋರದ ಹಾಗೆ ಕೂಡಿಸುವುದೇ ಅದನ್ನು ಮಾಡುವ ಬಡಗಿಯ ಕಸುಬು. ವರ್ಷಗಟ್ಟಲೆ ವೈನ್ ಹಿಡಿದಿಟ್ಟ ಪಾತ್ರೆ ನಿಮ್ಮ ನೀರನ್ನು ಬಿಟ್ಟುಕೊಡುತ್ತದಾ?

ಸರಿ, ಖಾಲಿ ಮಾಡೋಣ ಅಂದರೆ ನಾನೂ ಅಳಿಯನೂ ಸೇರಿ ತಳ್ಳಿದರೂ ಅಲುಗಾಡಲಿಲ್ಲ. ನೂರು ಲೀಟರಿಗೂ ಜಾಸ್ತಿ ಒದ್ದೆ ಮಣ್ಣು! ಬಕೆಟ್ಟಿನಲ್ಲಿ ಮೊಗೆದು ಮೊಗೆದು ಹಾಕಿದೆವು. ಕೊನೆಗೆ ತಳದಲ್ಲಿ ನಾಲ್ಕು ಬೆರಳು ಕಪ್ಪು ನೀರು. ಪೀಪಾಯಿ ಬೋರಲು ಹಾಕಿ, ಪಕ್ಕದ ಮನೆಯಿಂದ ಡ್ರಿಲ್ ತಂದು, ಹೆಬ್ಬೆರಳು ತೂರುವಂಥ ಆರು ತೂತು ಕೊರೆದೆ. ಗಿಡದ ಬೇರು ತೊಳೆದು, ಮೆತ್ತಗಾದದ್ದನ್ನೆಲ್ಲ ಕತ್ತರಿಸಿದೆ. ಹೊಸ ಮಣ್ಣು ತುಂಬಿ, ಕೆಳಗೆ ಮೂರು ಇಟ್ಟಿಗೆ ಕೊಟ್ಟು ಕೂರಿಸಿದೆವು. ನಾವು ಊರಿಗೆ ಬಂದ ಮೇಲೆ, ಏಪ್ರಿಲ್‌ನಲ್ಲಿ ಮಗಳು ಫೋಟೋ ಕಳಿಸಿದಳು. ಹನ್ನೊಂದು ಹೂ. ಎಣಿಸಿದವಳು ನನ್ನ ಹೆಂಡತಿ, ಎರಡು ಸಲ.

ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಬೇರು ಉಸಿರಾಡುತ್ತದೆ. ಮಣ್ಣಿನ ಸಂದಿಗಳಲ್ಲಿ ನೀರು ನಿಂತುಬಿಟ್ಟರೆ ಗಾಳಿಗೆ ಜಾಗವಿಲ್ಲ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಕುಡಿಯಲಾರದು. ಹಾಗಾಗಿ ನೀರಲ್ಲೇ ನಿಂತಿದ್ದರೂ ಗಿಡ ಬಾಡುತ್ತದೆ. ನಾವು ಅಯ್ಯೋ ಅಂತ ಇನ್ನೊಂದು ಚೊಂಬು ಸುರಿಯುತ್ತೇವೆ. ದಯವಿಟ್ಟು ಸುರಿಯಬೇಡಿ. ಮೊದಲು ತಳ ನೋಡಿ.

ನೀರಲ್ಲಿ ನಿಂತು ಬದುಕುವ ಗುಲಾಬಿಯೇ ಇಲ್ಲವಾ ಅಂತ ಕೇಳಬಹುದು. ಇದೆ. ಬಂಗಾಳ, ಬಿಹಾರದ ಕಡೆ ಹೊಳೆದಂಡೆಯಲ್ಲಿ ರೋಸಾ ಕ್ಲೈನೋಫಿಲ್ಲಾ ಅನ್ನುವ ಬಿಳಿ ಹೂವಿನ ಕಾಡುಗುಲಾಬಿ ಬೆಳೆಯುತ್ತದೆ, ನೆರೆ ಬಂದರೂ ತಡೆಯುತ್ತದೆ. ನಿಮ್ಮ ಮನೆಯ ಗುಲಾಬಿ ಅದಲ್ಲ.

ಇನ್ನು ನಮ್ಮಲ್ಲಿ ವೈನ್ ಪೀಪಾಯಿ ಹುಡುಕಿಕೊಂಡು ಹೋಗಬೇಕಿಲ್ಲ. ಗುಜರಿ ಅಂಗಡಿಯ 200 ಲೀಟರಿನ ನೀಲಿ ಡ್ರಮ್ಮನ್ನು ಅಡ್ಡಡ್ಡ ಕೊಯ್ಸಿದರೆ ಹೆಚ್ಚು ಕಡಿಮೆ ಅದೇ ಅಳತೆ. ರಾಸಾಯನಿಕ ತುಂಬಿದ್ದ ಡ್ರಮ್ ಬೇಡ, ತಿನ್ನುವ ಪದಾರ್ಥ ತುಂಬಿದ್ದನ್ನು ಕೇಳಿ ತನ್ನಿ. ಕೊಯ್ಯುವವನ ಕೈಯಲ್ಲೇ ತಳಕ್ಕೆ ಆರು ತೂತು ಹೊಡೆಸಿ. "ಮನೆಗೆ ಹೋಗಿ ನಾವೇ ಮಾಡ್ಕೋತೀವಿ" ಅಂದವರು ಮಾಡಿದ್ದನ್ನು ನಾನಂತೂ ಕಂಡಿಲ್ಲ.

ತಳದಲ್ಲಿ ಜಲ್ಲಿ ಹಾಸುವ ಅಭ್ಯಾಸ ಬಿಡಿ. ಒದ್ದೆ ಸ್ಪಂಜನ್ನು ಜಲ್ಲಿ ಮೇಲಿಟ್ಟು ನೋಡಿ, ಅದು ನೀರನ್ನು ಹಿಡಿದುಕೊಂಡೇ ಕೂತಿರುತ್ತದೆ. ಮಣ್ಣೂ ಹಾಗೇ. ಜಲ್ಲಿ ಹಾಕಿದಷ್ಟೂ ಆ ಒದ್ದೆ ಪದರ ಬೇರಿನ ಹತ್ತಿರಕ್ಕೆ ಬರುತ್ತದೆ. ತೂತಿನ ಮೇಲೊಂದು ಹೆಂಚಿನ ಚೂರು ಇಟ್ಟರೆ ಸಾಕು.

ಹೊತ್ತು ಮುಗಿಯುತ್ತಾ ಬಂತು, ಉಳಿದದ್ದು ಬೇಗ ಬೇಗ ಹೇಳುತ್ತೇನೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಪಾಲು ದಪ್ಪ ಮರಳು. ಜೊತೆಗೆ ಎರಡು ಹಿಡಿ ಬೇವಿನ ಹಿಂಡಿ. ಒಂದು ಅರ್ಧ ಡ್ರಮ್ಮಿಗೆ ಒಂದೇ ಗುಲಾಬಿ. ಕಸಿ ಗಂಟು ಮಣ್ಣಿನ ಮೇಲಿರಲಿ, ಅದರ ಕೆಳಗಿಂದ ಬರುವ ಚಿಗುರನ್ನು ಕಿತ್ತುಹಾಕಿ. ಆರು ಗಂಟೆ ಬಿಸಿಲು ಬೇಕು. ಬೆಂಗಳೂರಿನಲ್ಲಿ ಮಳೆ ಕಳೆದ ಮೇಲೆ, ಅಕ್ಟೋಬರ್‌ನಲ್ಲಿ ಗಿಡ ಸವರಿ. ದಾಸವಾಳ, ಮಲ್ಲಿಗೆ, ನಿಂಬೆ ಕೂಡ ಇದೇ ಡ್ರಮ್ಮಿನಲ್ಲಿ ಚೆನ್ನಾಗಿ ಬರುತ್ತವೆ. ತುಂಬಿದ ಡ್ರಮ್ ನೂರು ಕಿಲೋ ದಾಟುತ್ತದೆ, ಹಾಗಾಗಿ ತಾರಸಿಯ ನಡುವೆ ಇಡಬೇಡಿ, ಕೆಳಗೆ ಗೋಡೆ ಇರುವ ಕಡೆ ಇಡಿ.

ನಾಳೆ ಬೆಳಿಗ್ಗೆ ಕಾಫಿ ಆದ ಮೇಲೆ, ನಿಮ್ಮ ದೊಡ್ಡ ಕುಂಡ ಯಾವುದೋ ಅದಕ್ಕೆ ನಿಧಾನವಾಗಿ ಎರಡು ಬಕೆಟ್ ನೀರು ಹಾಕಿ, ಬಗ್ಗಿ ಕೆಳಗೆ ನೋಡಿ. ಸ್ವಲ್ಪ ಹೊತ್ತಿನಲ್ಲಿ ನೀರು ಹೊರಗೆ ಹರಿದು ಬರಬೇಕು. ಬರದಿದ್ದರೆ ಅವತ್ತೇ ಡ್ರಿಲ್ ತರಿಸಿ. ನಮಸ್ಕಾರ.